ಹನ್ನೊಂದು ಕಿಟಕಿಗಳ ಅಳತೆ

ಅಂಗಡಿಯ ಮೇಜು ಎಂಟು ಅಡಿ ಉದ್ದ, ಐದು ಅಡಿ ಅಗಲ. ಮೇಲೆ ದಪ್ಪ ಉಣ್ಣೆಯ ಬಟ್ಟೆ ಹಾಸಿದೆ. ಅದರ ಮೇಲೆ ಒಂದು ಮರಳಿನ ಕಣ ಉಳಿದರೂ ಗಾಜಿಗೆ ಗೀರು ಬೀಳುತ್ತದೆಂದು, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅದನ್ನು ಗುಡಿಸುವುದೇ ಮೊದಲ ಕೆಲಸ. ಮೂರು ವಾರಗಳಿಂದ, ಬೀದಿಯವರೆಲ್ಲ ಗಾಜಿನಕ್ಕ ಎಂದು ಕರೆಯುವ ಅಂಗಡಿಯವಳು ಮೇಜಿನ ಮುಕ್ಕಾಲು ಭಾಗವನ್ನಷ್ಟೇ ಗುಡಿಸುತ್ತಿದ್ದಳು. ಬಲಗಡೆಯ ಮೂಲೆಯಲ್ಲಿ, ಒಂದು ಕಬ್ಬಿಣದ ತುಂಡಿನ ಕೆಳಗೆ, ಒಂದು ಹಾಳೆ ಇತ್ತು. ಅದನ್ನು ಅವಳು ಸರಿಸಿರಲಿಲ್ಲ.

ಹಾಳೆಯ ಮೇಲುಗಡೆ ಪೆನ್ಸಿಲ್ಲಿನಲ್ಲಿ ‘ಲೈಬ್ರರಿ, ಓದೋ ಕೋಣೆ’ ಎಂದು ಬರೆದಿತ್ತು. ಕೆಳಗೆ ಹನ್ನೊಂದು ಸಾಲು. ಒಂದೊಂದು ಸಾಲಿನಲ್ಲೂ ಎರಡೆರಡು ಸಂಖ್ಯೆ, ಮೊದಲು ಅಗಲ, ಆಮೇಲೆ ಎತ್ತರ. ಬರೆದವನು ಅವಳ ತಮ್ಮ. ಬರೆದದ್ದು ಒಂದು ಗುರುವಾರ ಬೆಳಿಗ್ಗೆ. ಅದೇ ಗುರುವಾರ ಸಂಜೆ ಅವನು ತನ್ನ ಜೀವ ತಾನೇ ಕಳೆದುಕೊಂಡ. ಮೂವತ್ತೊಂಬತ್ತು ವರ್ಷ ಅವನಿಗೆ. ಚೀಟಿ ಬರೆದಿಟ್ಟಿರಲಿಲ್ಲ, ಯಾರ ಹತ್ತಿರವೂ ಏನೂ ಹೇಳಿರಲಿಲ್ಲ. ಅವನ ಕೈಬರಹದ ಕೊನೆಯ ಹಾಳೆ ಅದು.

ಅಂಗಡಿ ಅವರ ಅಪ್ಪ ಹಾಕಿದ್ದು. ಕಿಟಕಿ ಗಾಜು, ಕನ್ನಡಿ, ಪಟಗಳ ಚೌಕಟ್ಟು. ಮೇಲೆ ಮನೆ, ಕೆಳಗೆ ಅಂಗಡಿ, ನಡುವೆ ಹದಿನೇಳು ಮೆಟ್ಟಿಲು. ಅಕ್ಕ ಮದುವೆಯಾಗಿ ಹೋದವಳು ಎರಡು ವರ್ಷಕ್ಕೆ ವಾಪಸು ಬಂದಳು. ಅದರ ಕತೆ ಬೇರೆ. ಬಂದವಳು ಅಪ್ಪನ ಪಕ್ಕ ನಿಂತು ಗಾಜು ಕೊಯ್ಯಲು ಕಲಿತಳು. ಅಪ್ಪ ಹೋದ ಮೇಲೆ ಮೇಜು ಅವಳದಾಯಿತು, ಹೊರಗಿನ ಕೆಲಸ ತಮ್ಮನದು. ಅವನು ಹೋಗಿ ಅಳತೆ ತರುತ್ತಿದ್ದ, ಅವಳು ಕೊಯ್ಯುತ್ತಿದ್ದಳು, ಅವನು ಒಯ್ದು ಕೂರಿಸುತ್ತಿದ್ದ. ಹದಿನಾರು ವರ್ಷ ಹೀಗೇ ನಡೆಯಿತು.

ಅವನನ್ನು ಎಲ್ಲರೂ ಗೇಣು ಎನ್ನುತ್ತಿದ್ದರು. ಚಿಕ್ಕವನಿದ್ದಾಗ ಕಂಡದ್ದನ್ನೆಲ್ಲ ಗೇಣು ಹಾಕಿ ಅಳೆಯುತ್ತಿದ್ದನಂತೆ. ಬಾಗಿಲು, ಬೆಂಚು, ಬೀದಿ ನಾಯಿ, ಮನೆಗೆ ಬಂದ ನೆಂಟರ ಬೆನ್ನು. “ಮಾವ ನಾಲ್ಕು ಗೇಣು, ಅತ್ತೆ ಐದು” ಎಂದು ತುಂಬಿದ ಮನೆಯಲ್ಲಿ ಹೇಳಿ ಅಮ್ಮನಿಂದ ಏಟು ತಿಂದದ್ದೂ ಇದೆ. ದೊಡ್ಡವನಾದ ಮೇಲೂ ನಾಲಗೆ ಹಾಗೇ ಇತ್ತು. ಕನ್ನಡಿ ಕೊಂಡವರಿಗೆ ಕಾಗದ ಸುತ್ತಿ ಕೊಡುತ್ತ, “ನೋಡಿ, ಒಡೆದಿದ್ರೆ ಬದಲಾಯಿಸಿ ಕೊಡ್ತೀವಿ. ಮುಖ ಚೆನ್ನಾಗಿ ಕಾಣಲ್ಲ ಅಂತ ವಾಪಸ್ ತಂದ್ರೆ ನಮ್ಮ ಜವಾಬ್ದಾರಿ ಅಲ್ಲ” ಎನ್ನುತ್ತಿದ್ದ. ಬೇರೆ ಯಾರಾದರೂ ಅಂದಿದ್ದರೆ ಜಗಳವಾಗುತ್ತಿತ್ತು. ಅವನು ಅಂದರೆ ಜನ ನಗುತ್ತಿದ್ದರು.

ಅವನು ಸದಾ ನಗುತ್ತಿದ್ದ ಮನುಷ್ಯನೇನೂ ಅಲ್ಲ. ಎರಡು ವರ್ಷದ ಹಿಂದೆ ನಾಲ್ಕು ತಿಂಗಳು ತನ್ನ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಅಕ್ಕನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಮಾತ್ರೆ ಕೊಟ್ಟರು, ಹದಿನೈದು ದಿನಕ್ಕೊಮ್ಮೆ ಕೂರಿಸಿಕೊಂಡು ಮಾತಾಡಿಸಿದರು. ನಿಧಾನವಾಗಿ ಎದ್ದ, ಗಡ್ಡ ತೆಗೆದ, ಒಂದು ಬೆಳಿಗ್ಗೆ ತಾನಾಗಿ ಕೆಳಗಿಳಿದು ಬಂದು “ಏನಕ್ಕಾ, ಗಾಜೆಲ್ಲ ನೀನೇ ಒಡೆದು ಮುಗಿಸಿದ್ಯಾ, ನನಗೇನಾದ್ರೂ ಉಳಿಸಿದ್ದೀಯಾ” ಎಂದು ಕೇಳಿದ. ಅವತ್ತಿನಿಂದ ಒಂದು ವರ್ಷ ಅವಳು ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಎಷ್ಟು ತಿಂದ, ಎಷ್ಟು ಮಲಗಿದ, ಮೆಟ್ಟಿಲು ಇಳಿಯುವ ಸದ್ದು ಹೇಗಿದೆ. ಆಮೇಲೆ ನೋಡುವುದನ್ನು ನಿಲ್ಲಿಸಿದಳು. ಬೇಕೆಂದು ನಿಲ್ಲಿಸಿದ್ದಲ್ಲ. ಅವನು ಸರಿಯಾಗಿದ್ದಾನೆ ಎನ್ನುವುದು ಅಭ್ಯಾಸವಾಗಿಬಿಟ್ಟಿತ್ತು.

ಈಗ ಅವಳ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಅವತ್ತು ಏನಾದರೂ ಸುಳಿವಿತ್ತೇ? ಇದ್ದು, ತಾನು ನೋಡದೆ ಹೋದೆನೇ?

ಉತ್ತರ ಹೇಳುವವರು ಯಾರೂ ಇರಲಿಲ್ಲ. ಮಾತಾಡಿಸುವವರೇ ಕಡಿಮೆಯಾಗಿದ್ದರು. ಅಮ್ಮ ಮೊದಲ ದಿನವೇ ಬಂದವರಿಗೆಲ್ಲ “ಎದೆನೋವು, ಹಾಗೇ ಹೋಗಿಬಿಟ್ಟ” ಎಂದು ಹೇಳಿದ್ದಳು. ಅಕ್ಕ ಅದನ್ನು ತಿದ್ದಲಿಲ್ಲ. ಬೀದಿಯವರಿಗೆ ನಿಜ ಗೊತ್ತಿತ್ತು, ಪೊಲೀಸರು ಬಂದು ಹೋದದ್ದನ್ನು ಅವರೆಲ್ಲ ನೋಡಿದ್ದರು. ಆದರೆ ಮನೆಯವರು ಎದೆನೋವು ಎಂದ ಮೇಲೆ ಅವರು ಬೇರೆ ಏನು ಹೇಳಿಯಾರು? ಹೀಗಾಗಿ ಜನ ಅಂಗಡಿಯ ಬಾಗಿಲ ತನಕ ಬಂದು, ಒಳಗೆ ನೋಡಿ, ಏನೋ ಮರೆತವರ ಹಾಗೆ ಮುಂದೆ ಹೋಗುತ್ತಿದ್ದರು. ಪಕ್ಕದ ಟೈರ್ ಅಂಗಡಿಯವನೊಬ್ಬ ದಿನಕ್ಕೆರಡು ಬಾರಿ ಟೀ ತಂದು ಮೇಜಿನ ಅಂಚಿನಲ್ಲಿಟ್ಟು, “ಸೆಕೆ ಜಾಸ್ತಿ ಆಯ್ತಲ್ಲ ಅಕ್ಕ” ಎಂದು ಹೋಗುತ್ತಿದ್ದ. ಸೆಕೆ ಇಲ್ಲದ ದಿನವೂ ಅದನ್ನೇ ಹೇಳುತ್ತಿದ್ದ.

ನಾಲ್ಕನೆಯ ವಾರದ ಮೊದಲ ದಿನ ಲೈಬ್ರರಿಯ ಮೇಡಂ ಬಂದಳು. ಐವತ್ತು ದಾಟಿದ ಹೆಂಗಸು. ಮೂವತ್ತು ವರ್ಷ ಜನರನ್ನು ಸುಮ್ಮನಿರಿಸಿ, ತಾನೂ ಪಿಸುದನಿಯಲ್ಲೇ ಮಾತಾಡುವುದು ರೂಢಿಯಾಗಿತ್ತು.

“ನಿಮ್ಮನ್ನ ಅವಸರ ಮಾಡಕ್ಕೆ ಬಂದಿಲ್ಲ,” ಎಂದಳು. “ಬಿರುಗಾಳಿಗೆ ಒಡೆದ ಕಿಟಕಿಗಳಿಗೆ ರಟ್ಟು ಕಟ್ಟಿದ್ದೀವಿ. ಹಗಲಲ್ಲೂ ದೀಪ ಹಾಕಿ ಓದ್ತಿದ್ದಾರೆ. ಇನ್ನೂ ಒಂದು ತಿಂಗಳು ಬೇಕಾದ್ರೂ ಓದ್ತಾರೆ. ಆಗಲ್ಲ ಅನ್ನೋದಾದ್ರೆ ಮಾತ್ರ ಹೇಳಿ, ಬೇರೆಯವರಿಗೆ ಹೇಳ್ತೀನಿ.”

“ಆಗುತ್ತೆ,” ಎಂದಳು ಗಾಜಿನಕ್ಕ. “ಶುಕ್ರವಾರ ಬರ್ತೀವಿ.”

ಬರ್ತೀವಿ ಎಂದ ಮೇಲೆ ಅವಳಿಗೆ ಆ ಮಾತಿನೊಳಗಿನ ‘ನಾವು’ ಕೇಳಿಸಿತು. ಮೇಡಂಗೂ ಕೇಳಿಸಿರಬೇಕು. ಅವಳು ಚೀಲದ ಹಿಡಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿ, “ಶುಕ್ರವಾರ ನಾನು ರಜೆ. ವಾಚ್‌ಮನ್ ಬಾಗಿಲು ತೆಗೀತಾನೆ” ಎಂದಷ್ಟೇ ಹೇಳಿ ಹೋದಳು.

ಗಾಜಿನ ಕೆಲಸದಲ್ಲಿ ಅಪ್ಪನ ಕಾಲದಿಂದ ಬಂದ ಎರಡು ನಿಯಮಗಳಿದ್ದವು. ಒಂದು, ಚೌಕಟ್ಟು ಎಷ್ಟಿದೆಯೋ ಗಾಜು ಅದಕ್ಕಿಂತ ಮೂರು ಮಿಲಿಮೀಟರ್ ಚಿಕ್ಕದಿರಬೇಕು. ಮರ ಹಿಗ್ಗುತ್ತದೆ, ಕುಗ್ಗುತ್ತದೆ; ಬಿಗಿಯಾಗಿ ಕೂತ ಗಾಜು ಒಂದು ದಿನ ಯಾರೂ ಮುಟ್ಟದೆಯೇ ಸೀಳುತ್ತದೆ. ಈ ಮೂರನ್ನು ಕಳೆಯುವುದು ತಮ್ಮನ ಕೆಲಸವಾಗಿತ್ತು. ಹಾಳೆಯಲ್ಲಿ ಅವನು ಬರೆಯುತ್ತಿದ್ದುದು ಕಳೆದ ಮೇಲಿನ ಲೆಕ್ಕ. ಅವಳು ಕಣ್ಣು ಮುಚ್ಚಿಕೊಂಡು ಅದರಂತೆ ಕೊಯ್ಯುತ್ತಿದ್ದಳು. ಎರಡನೆಯ ನಿಯಮ, ಅಳತೆ ತೆಗೆದವನನ್ನು ಕೇಳುವುದಕ್ಕಾಗದ ಅಳತೆಯ ಮೇಲೆ ಗಾಜು ಕೊಯ್ಯಬಾರದು. ಅವನು ಊರಿಗೆ ಹೋಗಿರಲಿ, ಕೆಲಸ ಬಿಟ್ಟಿರಲಿ, ಸತ್ತಿರಲಿ, ಇನ್ನೊಬ್ಬರು ಹೋಗಿ ಹೊಸದಾಗಿ ಅಳೆಯಬೇಕು. ಕೆಲಸ ಬಲ್ಲವರೆಲ್ಲ ಪಾಲಿಸುವ ನಿಯಮ ಇದು. ಮರಗೆಲಸದವರಿಗೂ ಗೊತ್ತು.

ಗಾಜಿನಕ್ಕ ಟೇಪನ್ನು ಕೈಗೆತ್ತಿಕೊಂಡಳು. ಲೈಬ್ರರಿ ಹತ್ತು ನಿಮಿಷದ ದಾರಿ. ಹೋಗಿ ಅಳೆದು ಬರುವುದು ಒಂದು ಗಂಟೆಯ ಕೆಲಸ. ಬಾಗಿಲ ತನಕ ಹೋದವಳು ನಿಂತಳು. ಹೋಗಿ ಅಳೆದರೆ ಆ ಹಾಳೆ ರದ್ದಿ ಕಾಗದವಾಗುತ್ತದೆ. ಹದಿನಾರು ವರ್ಷದಲ್ಲಿ ಒಂದು ಸಲವೂ ಅವನ ಅಳತೆಯನ್ನು ಅವಳು ಎರಡನೆಯ ಬಾರಿ ನೋಡಿದವಳಲ್ಲ. ಸತ್ತ ಮೇಲೆ ನೋಡುವುದೆಂದರೆ ಅವನ ಬೆನ್ನ ಹಿಂದೆ ಅವನ ಜೇಬಿಗೆ ಕೈ ಹಾಕಿದಂತೆ ಎಂದು ಅವಳಿಗೆ ಅನ್ನಿಸಿತು. ಟೇಪನ್ನು ಗೂಟಕ್ಕೆ ಸಿಕ್ಕಿಸಿ, ಕಬ್ಬಿಣದ ತುಂಡನ್ನೆತ್ತಿ, ಹಾಳೆಯನ್ನು ಹೊರಗೆ ತೆಗೆದಳು.

ಎರಡು ದಿನ ಕೊಯ್ದಳು. ಕೊಯ್ಯುವುದಕ್ಕೆ ಬಲ ಬೇಡ, ಒಂದೇ ಒತ್ತಡ ಬೇಕು. ತುದಿಯಲ್ಲಿ ಪುಟ್ಟ ಚಕ್ರವಿರುವ ಕಟ್ಟರನ್ನು ಆ ಕೊನೆಯಲ್ಲಿಟ್ಟು ಈ ಕೊನೆಯ ತನಕ ಒಂದೇ ಉಸಿರಿನಲ್ಲಿ ಎಳೆಯಬೇಕು. ನಡುವೆ ನಿಂತರೆ ಗೆರೆ ಕೆಡುತ್ತದೆ, ಎರಡು ಸಲ ಎಳೆದರೆ ಗಾಜು ತನಗೆ ಬೇಕಾದ ಕಡೆ ಸೀಳುತ್ತದೆ. ಗೆರೆ ಎಳೆದ ಮೇಲೆ ಮೇಜಿನ ಅಂಚಿಗೆ ತಂದು ಎರಡೂ ಕೈಯಿಂದ ಸ್ವಲ್ಪ ಬಾಗಿಸಿದರೆ ಟಕ್ಕೆಂದು ಬಿಡುತ್ತದೆ. ಹನ್ನೊಂದೂ ಗಾಜು ಒಂದು ಚೂರೂ ಮುಕ್ಕಾಗದೆ ಬಂದವು. ತಿಂಗಳಲ್ಲಿ ಮೊದಲ ಬಾರಿ ಅವಳು ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿದಳು.

ಶುಕ್ರವಾರ ಟೈರಿನವ ತನ್ನ ವ್ಯಾನು ತಂದ. ಗಾಜುಗಳನ್ನು ನಿಲ್ಲಿಸಿ, ನಡುವೆ ಕಾಗದ ಕೊಟ್ಟು, ಹಗ್ಗ ಬಿಗಿದು ಒಯ್ದರು. ಓದುವ ಕೋಣೆಯಲ್ಲಿ ಉದ್ದನೆಯ ಮೇಜುಗಳು, ಒಂದರ ಮೇಲೊಂದು ಏರಿಸಿಟ್ಟ ಕುರ್ಚಿಗಳು. ವಾಚ್‌ಮನ್ ರಟ್ಟುಗಳನ್ನು ಬಿಚ್ಚಿದ. ಮೊದಲ ಗಾಜನ್ನು ಟೈರಿನವ ಕೆಳಗಿನಿಂದ ಹಿಡಿದ, ಅವಳು ಮೇಲಿನಿಂದ ಹಿಡಿದು ಚೌಕಟ್ಟಿಗೆ ತಂದಳು.

ಕೂರಲಿಲ್ಲ.

“ಸ್ವಲ್ಪ ಓರೆ ಮಾಡಿ ಅಕ್ಕ,” ಎಂದ ಟೈರಿನವ. ಓರೆ ಮಾಡಿದಳು. ತಿರುಗಿಸಿ ನೋಡಿದಳು. ಬಣ್ಣ ದಪ್ಪವಾಗಿದೆಯೇನೋ ಎಂದು ಉಳಿಯಿಂದ ಕೆರೆದಳು. ಎರಡನೆಯದನ್ನು ತಂದರು, ಮೂರನೆಯದನ್ನು ತಂದರು. ನಾಲ್ಕನೆಯದಕ್ಕೆ ಅವಳು ಗಾಜನ್ನು ಎತ್ತಲಿಲ್ಲ; ಟೈರಿನವನ ಟೇಪು ಕೇಳಿ ಪಡೆದು ಚೌಕಟ್ಟನ್ನೇ ಅಳೆದಳು. ಆಮೇಲೆ ಹಾಳೆ ನೋಡಿದಳು. ಹನ್ನೊಂದನ್ನೂ ಅಳೆದಳು. ಚೌಕಟ್ಟಿಗಿಂತ ಗಾಜು ಮೂರು ಮಿಲಿಮೀಟರ್ ಚಿಕ್ಕದಿರುವ ಬದಲು ಮೂರು ಮಿಲಿಮೀಟರ್ ದೊಡ್ಡದಿತ್ತು. ಅಗಲದಲ್ಲೂ, ಎತ್ತರದಲ್ಲೂ, ಹನ್ನೊಂದಕ್ಕೆ ಹನ್ನೊಂದೂ.

ಕಳೆಯಬೇಕಾದಲ್ಲಿ ಅವನು ಕೂಡಿಸಿದ್ದ.

ಟೈರಿನವ ಒಮ್ಮೆ ಗಾಜು ನೋಡಿದ, ಒಮ್ಮೆ ಅವಳ ಮುಖ ನೋಡಿದ. “ಹೋಗ್ಲಿ ಬಿಡಿ, ತಪ್ಪು ಯಾರಿಗಾಗಲ್ಲ. ನಾನು ಮೊನ್ನೆ ಒಬ್ಬನ ಎಡಗಡೆ ಚಕ್ರ ಬಿಚ್ಚಿ ಬಲಗಡೆ ಹುಡುಕ್ತಿದ್ದೆ.”

ಅವಳು ನಗಲಿಲ್ಲ. ಗಾಜುಗಳನ್ನು ಅಲ್ಲೇ ಗೋಡೆಗೆ ಒರಗಿಸಿ, ರಟ್ಟು ಮತ್ತೆ ಕಟ್ಟಿ, ನಡೆದುಕೊಂಡೇ ಮನೆಗೆ ಬಂದಳು.

ಹುಡುಕುತ್ತಿದ್ದ ಸುಳಿವು ಸಿಕ್ಕಿತು ಎಂದುಕೊಂಡಳು. ಹೊಸದಾಗಿ ಕೆಲಸಕ್ಕೆ ಸೇರಿದವನೂ ಮಾಡದ ತಪ್ಪು, ಅದೂ ಇಪ್ಪತ್ತೆರಡು ಸಲ. ಅವತ್ತು ಬೆಳಿಗ್ಗೆ ಹತ್ತು ಗಂಟೆಗೇ ಅವನ ಮನಸ್ಸು ಅವನ ಹತ್ತಿರ ಇರಲಿಲ್ಲ. ಆ ಹಾಳೆಯನ್ನು ಅವನು ಹನ್ನೆರಡು ಗಂಟೆಗೆ ತಂದು ಮೇಜಿನ ಮೇಲಿಟ್ಟಿದ್ದ. ಅವಳು ಆಗ ಯಾರದೋ ಕನ್ನಡಿಯ ಅಂಚು ಉಜ್ಜುತ್ತಿದ್ದಳು. “ಲೈಬ್ರರಿದು. ಸೋಮವಾರದ್ದು, ಅವಸರ ಇಲ್ಲ” ಎಂದಿದ್ದ. ಅವಳು ತಲೆ ಎತ್ತದೆ “ಇಡು” ಎಂದಿದ್ದಳು. ಒಂದು ಸಾಲು ಓದಿದ್ದರೆ? ಅಲ್ಲಿನ ಕಿಟಕಿಗಳು ಅವಳಿಗೆ ಗೊತ್ತಿಲ್ಲದವೇನಲ್ಲ, ಅಪ್ಪನ ಜೊತೆ ಒಮ್ಮೆ ಅವಳೇ ಗಾಜು ಹಾಕಿದ್ದಳು. ಓದಿದ್ದರೆ, ‘ಏನೋ ಇದು, ತಲೆ ನೆಟ್ಟಗಿದೆಯೇನೋ’ ಎಂದು ಬೈದಿರುತ್ತಿದ್ದಳು. ಬೈದಿದ್ದರೆ ಅವನು ಕೂತು ಏನಾದರೂ ಹೇಳಿರುತ್ತಿದ್ದ. ಸಂಜೆಗೆ ಇನ್ನೂ ಆರು ಗಂಟೆ ಇತ್ತು. ಎರಡು ದಿನ ಅದೇ ಸಾಲುಗಳನ್ನು ನೋಡಿ ಕೊಯ್ದರೂ ತನಗೆ ಏನೂ ಹೊಳೆದಿರಲಿಲ್ಲ ಎನ್ನುವುದು ಆಗ ಅವಳ ನೆನಪಿಗೆ ಬರಲಿಲ್ಲ.

ಶನಿವಾರ ಅಂಗಡಿ ತೆಗೆಯಲಿಲ್ಲ. ಅವನು ಬರೆದ ಹಳೆಯ ಹಾಳೆಗಳೆಲ್ಲ ಒಂದು ತಗಡಿನ ಡಬ್ಬಿಯಲ್ಲಿದ್ದವು. ಅವನ್ನು ನೆಲದ ಮೇಲೆ ಹರಡಿಕೊಂಡು ಕೂತಳು. ಒಂದು ವರ್ಷದ ಹಾಳೆಗಳನ್ನು ತಿಂಗಳುವಾರು ಜೋಡಿಸಿ, ಏಳು ಎನ್ನುವ ಅಂಕಿಯನ್ನು ಅವನು ಹೇಗೆ ಬರೆದಿದ್ದಾನೆ, ಪೆನ್ಸಿಲ್ ಎಲ್ಲಿ ಜೋರಾಗಿ ಒತ್ತಿದೆ, ಎಲ್ಲಿ ತೇಲಿದೆ ಎಂದು ನೋಡತೊಡಗಿದಳು. ಒಂದು ಕಡೆ ಏಳರ ಬಾಲ ಸೊಟ್ಟಗಿತ್ತು. ಒಂದು ಹಾಳೆಯ ಮೇಲೆ ಟೀ ಚೆಲ್ಲಿತ್ತು. ಎಲ್ಲದಕ್ಕೂ ಒಂದು ಅರ್ಥ ಹುಟ್ಟುತ್ತಿತ್ತು.

ಅಮ್ಮ ಮೇಲಿನಿಂದ ಇಳಿದು ಬಂದು ಬಾಗಿಲಲ್ಲಿ ನಿಂತಳು. ಎಪ್ಪತ್ತೆರಡು ವರ್ಷ, ಮಂಡಿನೋವು, ಮೆಟ್ಟಿಲು ಇಳಿಯುವುದೇ ಅಪರೂಪ.

“ಏನೇ ಅದು, ಕಸ ಹರಡಿಕೊಂಡು?”

“ಕಸ ಅಲ್ಲಮ್ಮ. ಅವನ ಅಳತೆ ಹಾಳೆ.”

“ಅದ್ರಲ್ಲೇನಿದೆ?”

“ಅವನ ಮನಸ್ಸು ಯಾವಾಗಿಂದ ಕೆಟ್ಟಿತ್ತು ಅಂತ ನೋಡ್ತಿದ್ದೀನಿ.”

“ಅವನಿಗೇನು ಮನಸ್ಸು ಕೆಟ್ಟಿತ್ತು? ಎದೆನೋವು ಬಂದವನಿಗೆ—”

“ಅಮ್ಮ. ನನ್ನ ಹತ್ರಾನೂ ಎದೆನೋವು ಅಂತೀಯಾ?”

ಅಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ತಿರುಗಿ ಒಂದೊಂದೇ ಮೆಟ್ಟಿಲು ಹತ್ತಿ ಹೋದಳು.

ಸೋಮವಾರ ಗಾಜಿನಕ್ಕ ಲೈಬ್ರರಿಗೆ ಹೋಗಿ, ಕೆಲಸ ತಡವಾಗುತ್ತದೆ ಎಂದು ಹೇಳಿದಳು. ಮೂರು ಮಿಲಿಮೀಟರ್, ಅದರ ಮೇಲೆ ಬಿಡಬೇಕಾದ ಮೂರು, ಒಟ್ಟು ಆರು. ಅಷ್ಟು ಸಣ್ಣ ಪಟ್ಟಿಯನ್ನು ಕೊಯ್ದು ತೆಗೆಯಲು ಹೋದರೆ ಅರ್ಧದಷ್ಟು ಗಾಜುಗಳು ಒಡೆಯುತ್ತವೆ. ಚೌಕಟ್ಟಿನ ಒಳಅಂಚಿನಲ್ಲಿ ಗಾಜು ಕೂರಲೆಂದು ಕೊರೆದಿರುವ ಕಚ್ಚನ್ನು ಇನ್ನಷ್ಟು ಆಳ ಮಾಡಿಸುವುದೇ ಮೇಲು. ಅದಕ್ಕೊಬ್ಬ ಬಡಗಿ ಬೇಕು.

“ಬಡಗಿನಾ?” ಎಂದು ಮೇಡಂ ಕನ್ನಡಕ ತೆಗೆದಳು. “ಇದೇ ಚೌಕಟ್ಟು ರಿಪೇರಿ ಮಾಡ್ತಿದ್ದ ಒಬ್ಬ. ಎರಡು ಮೂಲೆ ಸರಿ ಮಾಡಿ ಹೋದೋನು ತಿಂಗಳಿಂದ ತಲೆ ಹಾಕಿಲ್ಲ. ನೀವೇ ಹೋಗಿ ಕೇಳಿ. ನಾನು ಕೇಳಿದ್ರೆ ನಾಳೆ ಅಂತಾನೆ.”

ಬಡಗಿಯ ಷೆಡ್ಡು ಮೂರು ಬೀದಿ ಆಚೆ. ಅವನು ಅರವತ್ತರ ಮನುಷ್ಯ, ಅಪ್ಪನ ಕಾಲದಿಂದಲೂ ಪರಿಚಯ. ಬಡಗಿಗೂ ಗೇಣುವಿಗೂ ವಯಸ್ಸಿನಲ್ಲಿ ಇಪ್ಪತ್ತು ವರ್ಷದ ಅಂತರವಿದ್ದರೂ ಇಬ್ಬರೂ ಸೇರಿದಲ್ಲಿ ಕಾಲೆಳೆಯುವುದೇ ಕೆಲಸ. ಅವಳು ಒಳಗೆ ಬಂದದ್ದನ್ನು ನೋಡಿ ಅವನು ಮರ ನುಣುಪು ಮಾಡುವ ಹತ್ತರಿ ಉಜ್ಜುವುದನ್ನು ನಿಲ್ಲಿಸಿದ. ಎದ್ದ. ಕೂರಲು ಸ್ಟೂಲು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

“ಬಾಮ್ಮ,” ಎಂದ. “ಬಾ, ಕೂತ್ಕೋ. ನಾನೇ ಬರಬೇಕಿತ್ತು.”

“ಲೈಬ್ರರಿ ಕಿಟಕಿ ಕೆಲಸ ಇತ್ತು ಮೇಸ್ತ್ರಿ. ಕಚ್ಚು ಸ್ವಲ್ಪ ಆಳ ಮಾಡಿಕೊಡ್ಬೇಕು. ಗಾಜು ದೊಡ್ಡದಾಗಿದೆ.”

“ಎಷ್ಟು ದೊಡ್ಡದು?”

“ಒಟ್ಟು ಆರು ಎಂಎಂ. ಅಂದ್ರೆ ಒಂದೊಂದು ಕಡೆ ಮೂರು.”

ಬಡಗಿ ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟ. “ಒಂದೊಂದು ಕಡೆ ಮೂರು,” ಎಂದು ತಾನೂ ಹೇಳಿದ. “ಅದ್ಯಾವ ಅಳತೆ ಮೇಲೆ ಕೊಯ್ದೆ ನೀನು?”

“ಅವನದೇ.”

“ಹೊಸದಾಗಿ ತೆಗೆಸ್ಲಿಲ್ವಾ?”

“ಇಲ್ಲ.”

“ಅಯ್ಯೋ ತಾಯಿ,” ಎಂದು ಬಡಗಿ ಮರದ ದಿಮ್ಮಿಯ ಮೇಲೆ ಕೂತ. “ನೀನು ಬೇರೆ ಯಾರ ಕೈಲೋ ಅಳೆಸ್ತೀಯ ಅಂತ ನಾನು ಕೆಲಸ ನಿಲ್ಲಿಸಿಬಿಟ್ಟೆ. ಅಳತೆಯವನೇ ಇಲ್ಲ ಅಂದ್ಮೇಲೆ ಆ ಅಳತೆ ಯಾರಾದ್ರೂ ಇಟ್ಕೋತಾರಾ?”

“ಯಾವ ಕೆಲಸ?”

“ಅದೇ, ಕಚ್ಚು ಆಳ ಮಾಡೋದು. ಒಂದೊಂದು ಕಡೆ ಮೂರು ಎಂಎಂ. ಅವನೇ ಹೇಳಿದ್ದಲ್ವಾ, ಅವತ್ತು ಬೆಳಿಗ್ಗೆ.”

ಗಾಜಿನಕ್ಕ ಸ್ಟೂಲಿನ ಮೇಲೆ ಕೂತಳು. ಬಡಗಿ ಹೇಳಿದ. ಹಳೆಯ ಕಚ್ಚು ತೆಳುವಾಗಿತ್ತು, ಗಾಜು ಹಿಡಿದು ನಿಲ್ಲುತ್ತಿರಲಿಲ್ಲ, ಗಾಳಿಗೆ ಬಿದ್ದದ್ದೂ ಅದಕ್ಕೇ. ಗೇಣು ಬಂದವನೇ ಬೆರಳು ಹಾಕಿ ನೋಡಿ, ಇದರಲ್ಲಿ ಹೊಸ ಗಾಜು ಕೂರಿಸಿದರೆ ಮುಂದಿನ ಗಾಳಿಗೆ ಮತ್ತೆ ನಾವೇ ಬರಬೇಕು ಎಂದನಂತೆ. ಬಡಗಿ ಮೂರು ಮಿಲಿಮೀಟರ್ ಕೊರೆಯುವುದು, ಕೊರೆದ ಮೇಲೆ ಆಗುವ ಅಳತೆಗೆ ಅವನು ಗಾಜು ತರುವುದು. ಹಾಗೆಂದು ಇಬ್ಬರೂ ಒಪ್ಪಿ, ಅವನು ಆ ಲೆಕ್ಕ ಹಾಕಿಯೇ ಹಾಳೆಯಲ್ಲಿ ಬರೆದುಕೊಂಡದ್ದು. ಕಚ್ಚು ಎರಡು ಕಡೆಯೂ ಸೇರಿ ಆರು ಹೆಚ್ಚಾಗುತ್ತದೆ, ಅದರಲ್ಲಿ ಮೂರು ಕಳೆದರೆ ಉಳಿಯುವುದು ಮೂರು.

ಅವಳು ಆ ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿ ನೋಡಿದಳು. ಸರಿಯಿತ್ತು.

“ಅವನು ಹೇಗಿದ್ದ?” ಎಂದು ಕೇಳಿದಳು.

“ಹೇಗಿದ್ದ ಅಂದ್ರೆ?”

“ಅವತ್ತು. ನೋಡೋದಕ್ಕೆ.”

“ಹೇಗಿರ್ತಿದ್ನೋ ಹಾಗೇ. ನನ್ನ ಬೈದು ಹೋದ. ‘ಮೇಸ್ತ್ರಿ, ನೀವು ಮರದವರು ಪುಣ್ಯವಂತರು. ತಪ್ಪಾದ್ರೆ ಸುತ್ತಿಗೆ ತಗೊಂಡು ಬಡಿದು ಕೂರಿಸ್ತೀರಿ. ನಾವು ತಪ್ಪಿದ್ರೆ ಪೊರಕೆ ತಗೋಬೇಕು. ಮೂರು ಅಂದ್ರೆ ಮೂರೇ ಕೊರೀರಿ, ಕೈಗೆ ಬಂದಷ್ಟು ಕೊರೀಬೇಡಿ’ ಅಂದ. ಸೋಮವಾರ ಬೆಳಿಗ್ಗೆ ಬರ್ತೀನಿ, ಅಷ್ಟರಲ್ಲಿ ಮುಗಿಸಿಡಿ ಅಂದ.”

“ನಗ್ತಿದ್ನಾ?”

“ನಗ್ತಿದ್ದ ಕಣಮ್ಮ.”

ಅವಳಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಮೂರು ದಿನ ಅವಳು ತಪ್ಪನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನೋವಾದರೂ ಅದು ಹಿಡಿಯಲು ಸಿಗುವಂಥದ್ದು. ಈಗ ಕೈಯಲ್ಲಿ ಏನೂ ಇರಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಸೋಮವಾರದ ಕೆಲಸವನ್ನು ಲೆಕ್ಕ ತಪ್ಪದೆ ಹೊಂದಿಸಿದವನು ಸಂಜೆ ಹಾಗೆ ಮಾಡಿಕೊಂಡ. ನಡುವೆ ಏನಾಯಿತು ಎನ್ನುವುದು ಯಾವ ಹಾಳೆಯಲ್ಲೂ ಇರಲಿಲ್ಲ. ಎಷ್ಟೋ ದಿನದಿಂದ ಅವನೊಳಗೆ ಏನಿತ್ತು ಎನ್ನುವುದೂ ಇರಲಿಲ್ಲ. ಮೊದಲು ಸಿಟ್ಟು ಬಂತು.

“ಇದನ್ನ ಬಂದು ಹೇಳೋದಕ್ಕೆ ಒಂದು ತಿಂಗಳು ಬೇಕಾಯ್ತಾ ಮೇಸ್ತ್ರಿ ನಿಮಗೆ?”

“ಎರಡು ಸಲ ಬಂದೆ. ನಿಮ್ಮ ಅಂಗಡಿ ಬಾಗಿಲ ತನಕ ಬಂದೆ. ಏನಂತ ಹೇಳೋದು? ಕಿಟಕಿ ಕಚ್ಚಿನ ಮಾತು ಎತ್ತಿದ್ರೆ ಅವತ್ತಿನ ಮಾತು ಬರುತ್ತೆ. ನಿಮ್ಮಮ್ಮ ಎದೆನೋವು ಅಂತಿದ್ರು. ನಾನೂ ಎದೆನೋವಿನ ಮಾತಾಡಿ ಬರೋಣ ಅಂದ್ರೆ ಬಾಯಿ ಬರಲಿಲ್ಲ.”

ಷೆಡ್ಡಿನ ಹೊರಗೆ ಯಾರೋ ಸೈಕಲ್ಲು ನಿಲ್ಲಿಸಿ, ಬಡಗಿ ಕೆಲಸದಲ್ಲಿದ್ದಾನೆಂದುಕೊಂಡು ಹೋದರು.

“ಎದೆನೋವಲ್ಲ,” ಎಂದಳು ಗಾಜಿನಕ್ಕ. ಇದನ್ನು ಬಾಯಿಬಿಟ್ಟು ಮನೆಯ ಹೊರಗೆ ಹೇಳಿದ್ದು ಅದೇ ಮೊದಲು. “ಆತ್ಮಹತ್ಯೆ. ಎರಡು ವರ್ಷದ ಹಿಂದೆ ಹುಷಾರಿರಲಿಲ್ಲ ಅವನಿಗೆ. ವಾಸಿ ಆಗಿದೆ ಅಂದ್ಕೊಂಡಿದ್ವಿ.”

“ಗೊತ್ತಮ್ಮ,” ಎಂದ ಬಡಗಿ. ಆಮೇಲೆ, “ಕೆಲಸ ನಾಳೇನೇ ಹಿಡೀತೀನಿ. ಹೇಳೋದಕ್ಕೆ ನನಗೆ ಬೇರೆ ಏನೂ ಬರ್ತಿಲ್ಲ” ಎಂದ.

“ಸಾಕು,” ಎಂದಳು.

ಅಮ್ಮನಿಗೆ ಅವತ್ತು ಅವಳು ಏನೂ ಹೇಳಲಿಲ್ಲ. ಬಡಗಿ ಸುಳ್ಳು ಹೇಳುವವನಲ್ಲ. ಆದರೆ ಸತ್ತವನ ಅಕ್ಕನ ಮುಂದೆ ಕೂತವನು ಸಮಾಧಾನಕ್ಕೆ ಒಂದು ಮಾತು ಸೇರಿಸಿರಬಹುದು. ಗಾಜು ಕೂರುವ ತನಕ ನಂಬುವುದು ಬೇಡ ಎಂದುಕೊಂಡಳು.

ಗುರುವಾರ ಬೆಳಿಗ್ಗೆ ಗಾಜಿನಕ್ಕ, ಟೈರಿನವ ಮತ್ತೆ ಲೈಬ್ರರಿಗೆ ಹೋದರು. ಬಡಗಿ ಹನ್ನೊಂದು ಚೌಕಟ್ಟನ್ನೂ ಕೊರೆದು ಮರಳು ಕಾಗದದಲ್ಲಿ ಉಜ್ಜಿಟ್ಟಿದ್ದ. ಕೋಣೆ ತುಂಬ ಮರದ ಪುಡಿಯ ವಾಸನೆ. ಓದುವವರನ್ನು ಮೇಡಂ ಒಂದು ಬದಿಗೆ ಸರಿಸಿದ್ದಳು, ಅವರು ಓದುವುದು ಬಿಟ್ಟು ಇವರನ್ನೇ ನೋಡುತ್ತಿದ್ದರು. ಗಾಜಿನಕ್ಕ ಮೊದಲ ಗಾಜನ್ನೆತ್ತಿ ಕೆಳಗಿನ ಅಂಚನ್ನು ಕಚ್ಚಿಗೆ ಇಳಿಸಿ, ಮೇಲಿನದನ್ನು ಅಂಗೈಯಿಂದ ಒತ್ತಿದಳು. ಒಳಗೆ ಹೋಗಿ ಕೂತಿತು. ಉಗುರಿನ ಅಂಚು ತೂರುವಷ್ಟು ಸಂದಿ ಸುತ್ತಲೂ ಉಳಿದಿತ್ತು. ಆ ಸಂದಿಯಲ್ಲಿ ಅವಳು ಉಗುರನ್ನು ಒಂದು ಸುತ್ತು ಆಡಿಸಿದಳು.

“ಇನ್ನೂ ಹತ್ತಿದೆ,” ಎಂದ ಬಡಗಿ, ಮೆಲ್ಲಗೆ.

ಹತ್ತೂ ಕೂತವು. ಮಧ್ಯಾಹ್ನದ ಹೊತ್ತಿಗೆ ಸುತ್ತಲಿನ ಸಂದಿಗೆ ಪುಟ್ಟಿ ಮೆತ್ತಿ ಮುಗಿಯಿತು. ಮೇಡಂ ಗೋಡೆಯ ಹತ್ತಿರ ಹೋಗಿ ದೀಪಗಳನ್ನು ಆರಿಸಿದಳು. ಓದುವವರು ಕುರ್ಚಿಗಳನ್ನು ಎಳೆದುಕೊಂಡು ಕಿಟಕಿಯ ಕಡೆ ಬಂದರು.

ಮನೆಗೆ ಬಂದಾಗ ಅಮ್ಮ ಮಂಚದ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಗಾಜಿನಕ್ಕ ಕೈ ತೊಳೆದು, ಪುಟ್ಟಿಯ ಎಣ್ಣೆ ಹೋಗುವಂತೆ ಇನ್ನೊಮ್ಮೆ ತೊಳೆದು, ಪಕ್ಕದಲ್ಲಿ ಕೂತಳು.

“ಅಮ್ಮ, ಅವನ ಅಳತೆ ತಪ್ಪಿರಲಿಲ್ಲ.”

“ಯಾರು ತಪ್ಪು ಅಂದಿದ್ದು?”

“ನಾನು ಅಂದ್ಕೊಂಡಿದ್ದೆ.” ಮೊದಲಿನಿಂದ ಎಲ್ಲ ಹೇಳಿದಳು. ಕೊಯ್ದದ್ದು, ಕೂರದೇ ಹೋದದ್ದು, ಮೂರು ದಿನ ತಾನು ಏನೆಂದುಕೊಂಡೆ ಎನ್ನುವುದು, ಬಡಗಿ ಹೇಳಿದ್ದು. ಹನ್ನೆರಡು ಗಂಟೆಗೆ ತಲೆ ಎತ್ತದೆ ‘ಇಡು’ ಎಂದದ್ದನ್ನೂ ಹೇಳಿದಳು. ಅದನ್ನು ಅವಳು ಅಲ್ಲಿಯ ತನಕ ಯಾರಿಗೂ ಹೇಳಿರಲಿಲ್ಲ.

ಅಮ್ಮನ ಕೈ ಮಂಡಿಯ ಮೇಲೆ ನಿಂತಿತು.

“ಹಾಗಾದ್ರೆ ಯಾಕೆ?” ಎಂದಳು.

“ಗೊತ್ತಿಲ್ಲಮ್ಮ.”

“ಬೆಳಿಗ್ಗೆ ಚೆನ್ನಾಗಿದ್ದೋನು.”

“ಚೆನ್ನಾಗಿದ್ನೋ, ಚೆನ್ನಾಗಿದ್ದ ಹಾಗೆ ಇದ್ನೋ. ಅದೂ ಗೊತ್ತಿಲ್ಲ.”

ಅಮ್ಮ ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಲು ಹೋದಳು. ಕೈ ಜಾರಿತು. ಮಗಳು ತೆಗೆದುಕೊಂಡು ಮುಚ್ಚಿದಳು.

“ಅವತ್ತು ಮಧ್ಯಾಹ್ನ ಊಟಕ್ಕೆ ಬಂದಿದ್ದ,” ಎಂದಳು ಅಮ್ಮ, ಗೋಡೆಯ ಕಡೆ ನೋಡುತ್ತ. “ತಟ್ಟೆ ಹಾಕಿದೆ. ‘ಬೇಡಮ್ಮ, ಹಸಿವಿಲ್ಲ’ ಅಂದ. ನಾನು ಇನ್ನೊಂದು ಮಾತು ಕೇಳಲಿಲ್ಲ. ತಟ್ಟೆ ಎತ್ತಿಟ್ಟೆ. ನನ್ನ ಮಂಡಿ ನೋವಲ್ಲಿ ನಾನಿದ್ದೆ. ಒಂದು ತುತ್ತು ತಿನ್ನು ಅಂತ ಕೈ ಹಿಡಿದು ಕೂರಿಸಿದ್ರೆ... ಎದೆನೋವು ಅಂತ ಹೇಳ್ತಾ ಇದ್ರೆ ಆ ತಟ್ಟೆ ನೆನಪಾಗ್ತಿರಲಿಲ್ಲ. ಎದೆನೋವಿಗೆ ತಾಯಿ ಏನು ಮಾಡಕ್ಕಾಗುತ್ತೆ?”

ಗಾಜಿನಕ್ಕನಿಗೆ ತಟ್ಟೆಯ ವಿಷಯ ಗೊತ್ತಿರಲಿಲ್ಲ. ಹೋದ ವಾರ ಗೊತ್ತಾಗಿದ್ದರೆ ಅದನ್ನೂ ಹಾಳೆಗಳ ಪಕ್ಕ ಇಟ್ಟು ಜೋಡಿಸುತ್ತಿದ್ದಳು. ಈಗ ಅವಳು ಎಣ್ಣೆಯ ಆ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

“ಅಮ್ಮ, ಅವನು ವಾರಕ್ಕೆ ಎರಡು ದಿನ ಊಟ ಬೇಡ ಅಂತಿದ್ದ. ಹೊರಗೆ ಏನಾದ್ರೂ ತಿಂದು ಬರ್ತಿದ್ದ, ನಿನ್ನ ಹತ್ರ ಬೈಸಿಕೊಳ್ತಿದ್ದ. ಅವತ್ತಿನದು ಯಾವ ಥರದ ಬೇಡ ಅಂತ ನಿನಗೆ ಹೇಗೆ ಗೊತ್ತಾಗ್ಬೇಕಿತ್ತು?”

“ತಾಯಿಗೆ ಗೊತ್ತಾಗ್ಬೇಕು.”

“ಅಕ್ಕನಿಗೂ ಗೊತ್ತಾಗ್ಬೇಕು ಅಂತ ನಾನು ಮೂರು ದಿನ ನೆಲದ ಮೇಲೆ ಕೂತಿದ್ದೆ. ತಪ್ಪು ಅಂದ್ಕೊಂಡಿದ್ದು ತಪ್ಪಾಗಿರಲೇ ಇಲ್ಲ. ನಿನ್ನ ತಟ್ಟೆ ಸುಳಿವಲ್ಲ ಅಂತ ನಾನು ಹೇಳಲ್ಲ. ಸುಳಿವೇ ಅಂತ ನೀನೂ ಹೇಳಬೇಡ. ನಮಗೆ ಗೊತ್ತಿಲ್ಲ.”

ಅಮ್ಮ ಅತ್ತಳು. ಮಗ ಹೋದ ಮೇಲೆ ಬಂದವರ ಎದುರು ಅತ್ತದ್ದುಂಟು, ಅದು ಬೇರೆ. ಈಗಿನದಕ್ಕೆ ಸದ್ದಿರಲಿಲ್ಲ. ಬಹಳ ಹೊತ್ತು ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡು, ಸೆರಗಿಗೆಲ್ಲ ಎಣ್ಣೆ ಆಯಿತೆಂದು ಗೊಣಗಿ, ಸುಮ್ಮನಾದಳು. ಆಮೇಲೆ ಕೇಳಿದಳು:

“ಬಡಗಿಗೆ ಅವನು ಏನಂತ ಬೈದ ಅಂದೆ?”

“ನೀವು ಮರದವರು ಪುಣ್ಯವಂತರು, ತಪ್ಪಾದ್ರೆ ಸುತ್ತಿಗೆ ತಗೊಂಡು ಬಡಿದು ಕೂರಿಸ್ತೀರಿ—”

“ಅವನು ‘ನೀವು’ ಅಂತ ಅಂದಿರಲ್ಲ,” ಎಂದಳು ಅಮ್ಮ. “‘ನೀನು’ ಅಂದಿರ್ತಾನೆ. ದೊಡ್ಡೋರು ಚಿಕ್ಕೋರು ಅನ್ನೋದು ಅವನಿಗೆ ಎಲ್ಲಿತ್ತು? ಆ ಬಡಗಿ ಮಾನ ಉಳಿಸಿಕೊಳ್ಳಕ್ಕೆ ತಿದ್ದಿ ಹೇಳಿದ್ದಾನೆ.”

“ಇರಬಹುದು.”

“ಸರಿಯಾಗಿ ಹೇಳು ಮತ್ತೆ.”

ಮಗಳು ಕಾಲು ಮೇಲೆತ್ತಿಕೊಂಡು, ಗೋಡೆಗೆ ಒರಗಿ, ಮೊದಲಿನಿಂದ ಮತ್ತೆ ಹೇಳತೊಡಗಿದಳು.